ಅಂಬುಜಕ್ಕನ ಹಾಡುಗಳು ಸೇಡಂಗೆ ಬಂದ ಬಗೆ

ಪೆನ್‌ಡ್ರೈವ್ ಎಲ್ಲೋ ಬಿದ್ದುಹೋಯಿತು ಎಂದು ಪ್ರಹ್ಲಾದಾಚಾರ್ಯರು ಹೇಳಿದಾಗ ಭಾಮಾಬಾಯಿ ನಂಬಿದಳು. ನಂಬದೆ ಏನು ಮಾಡಬೇಕು? ಮದುವೆಯಾದಾಗಿನಿಂದ ಗಂಡ ಹೇಳಿದ್ದನ್ನೆಲ್ಲ ನಂಬಿಕೊಂಡೇ ಬಂದವಳು. ಸುಲೇಪೇಟದಲ್ಲಿ ಪ್ರವಚನ ಮುಗಿಸಿ, ಹೊದಿಸಿದ ಶಾಲು ಹೆಗಲಿಗೇರಿಸಿ ಬಸ್ಸಿಳಿದು ಬಂದ ಆಚಾರ್ಯರ ಚೀಲದಿಂದ ಒಂದು ತೆಂಗಿನಕಾಯಿ ಬಿದ್ದಿರಲಿಲ್ಲ, ಒಂದು ಕಲ್ಲುಸಕ್ಕರೆ ಹರಳು ಬಿದ್ದಿರಲಿಲ್ಲ. ಹೆಂಡತಿಯ ಅಕ್ಕ ಕೈಯಲ್ಲಿಟ್ಟು ಕಳಿಸಿದ ಹೆಬ್ಬೆರಳಿನಷ್ಟು ವಸ್ತು ಮಾತ್ರ ಬಿದ್ದುಹೋಗಿತ್ತು.

ಅದರಲ್ಲಿ ಇದ್ದದ್ದು ಅಂಬುಜಕ್ಕನ ಹಾಡುಗಳು. ಅಂಬುಜಕ್ಕನಿಗೆ ಗಂಟಲಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಹೈದರಾಬಾದಿನ ಡಾಕ್ಟರು ಹೇಳಿದ್ದರು. ಹೋಗುವ ಮೊದಲು ಆಕೆ ಹಟ ಹಿಡಿದು ಕುಳಿತು, ತನಗೆ ಬರುವ ಹಾಡುಗಳನ್ನೆಲ್ಲ ಹಾಡಿದ್ದಳು. ಉದಯರಾಗ, ಲಾಲಿ, ಹಸೆಹಾಡು, ಬೀಗರನ್ನು ಕಾಡುವ ಹಾಡು, ಒಟ್ಟು ನೂರರ ಮೇಲೆ. ಮೊಮ್ಮಗಳು ಪ್ರಮಿತಾ ಎಲ್ಲವನ್ನೂ ವಿಡಿಯೋ ಹಿಡಿದು, ಫೋನಿನಲ್ಲಿ ಜಾಗ ಸಾಲದೆ, ಮನೆಯ ಹಳೆಯ ಕಂಪ್ಯೂಟರಿಗೆ ತುಂಬಿದ್ದಳು. ಈಗ ಅಂಬುಜಕ್ಕ ಸುಲೇಪೇಟದ ಪಡಸಾಲೆಯಲ್ಲಿ ಕುಳಿತು ಕೈಸನ್ನೆ ಮಾಡುತ್ತಾಳೆ. ಕೊರಳಲ್ಲಿ ತೂತಿದೆ, ದನಿ ಇಲ್ಲ.

ಒಂದು ಕಾಲಕ್ಕೆ ಅಕ್ಕತಂಗಿ ಜೋಡಿಯಾಗಿ ಹಾಡಿದರೆ ಮದುವೆಯ ಚಪ್ಪರದಲ್ಲಿ ಬ್ಯಾಂಡಿನವರು ಸುಮ್ಮನಾಗುತ್ತಿದ್ದರು. ಭಾಮಾಬಾಯಿಯ ಮದುವೆಯಾದ ಹೊಸತರಲ್ಲಿ ಚಿತ್ತಾಪುರದ ಒಂದು ಮನೆಯಲ್ಲಿ ಆಚಾರ್ಯರ ಪ್ರವಚನ ಬಿಟ್ಟು ಹೆಂಗಸರೆಲ್ಲ ಒಳಗೆ ಬಂದು ಅವಳ ಮುಂದೆ ಕುಳಿತರು. ಆಚಾರ್ಯರಿಗೆ ಅಷ್ಟೇ ಸಾಕಾಯಿತು. ಹಾಡುವುದಿದ್ದರೆ ದೇವರ ಮುಂದೆ ಹಾಡು ಎಂದರು. ಆಮೇಲೆ, ಜಪಕ್ಕೆ ಅಡ್ಡಿಯಾಗುತ್ತದೆ, ಸಣ್ಣಗೆ ಹಾಡು ಎಂದರು. ಬರಬರುತ್ತ ಒಲೆಯ ಮುಂದೆ ತುಟಿ ಆಡುವುದಷ್ಟೇ ಉಳಿಯಿತು. ಅದೂ ಈಚೆಗೆ ನಿಂತಿತ್ತು.

ಪೆನ್‌ಡ್ರೈವ್ ಕಳೆದ ಸುದ್ದಿ ಹೇಳಲು ಫೋನ್ ಮಾಡಿದಾಗ ಪ್ರಮಿತಾ ಇನ್ನೊಂದು ವಿಷಯ ಹೇಳಿದಳು. ಕೊನೆಯ ಹಾಡು ಮುಗಿದ ಮೇಲೆ ಅಜ್ಜಿ ಅವಳನ್ನು ಹೊರಗೆ ಕಳಿಸಿ, ಕ್ಯಾಮೆರಾದ ಮುಂದೆ ಏನೋ ಮಾತಾಡಿದ್ದಾಳೆ. ಭಾಮಿ ಒಬ್ಬಳೇ ಮೊದಲು ಕೇಳಲಿ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಏನಂದೆ ಎಂದು ಪಾಟಿ ಕೊಟ್ಟು ಕೇಳಿದರೆ, ಕೇಳಲಿ ಅಂತಷ್ಟೇ ಬರೆಯುತ್ತಾಳೆ. ಅಂದಿನಿಂದ ಭಾಮಾಬಾಯಿಗೆ ಬೇರೆ ಹಂಬಲ ಉಳಿಯಲಿಲ್ಲ. ಅಕ್ಕನ ದನಿ ತನ್ನ ಹೆಸರು ಹಿಡಿದು ಕರೆಯುವುದನ್ನು ಇನ್ನೊಂದು ಸಲ ಕೇಳಬೇಕು. ಅದು ಇರುವುದು ಒಂದೇ ಕಡೆ.

ಇದನ್ನೆಲ್ಲ ನೋಡಿ ಮೈ ಉರಿದುಕೊಂಡವಳು ಸೊಸೆ ಶುಭಾ. ಸೇಡಂನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ, ತವರು ಶಹಾಬಾದ್. ಶಾಲೆಯಲ್ಲಿ ಮಕ್ಕಳ ಮೇಲೆ ತೋರಿಸದ ಸಿಟ್ಟನ್ನು ಮನೆಯಲ್ಲಿ ಪಾತ್ರೆಗಳ ಮೇಲೆ ತೋರಿಸುತ್ತಾಳೆ. ಅಂದು ಸಾರಿನ ಪಾತ್ರೆ ಉಜ್ಜುತ್ತ, ಇನ್ನು ಮೇಲೆ ಗಂಡಸರ ಚೀಲದಲ್ಲಿ ಏನನ್ನೂ ಕಳಿಸುವುದು ಬೇಡ ಎಂದಳು. ಹಾಡು ಬೇಕೆಂದವರು ಅತ್ತೆಯೊಬ್ಬರೇ ಅಲ್ಲ. ಚಿತ್ತಾಪುರದ ಭಜನಾ ಮಂಡಳಿಯ ದಾನೇಶ್ವರಿ, ವಾಡಿಯಲ್ಲಿರುವ ರೈಲ್ವೆ ಗಾರ್ಡಿನ ಹೆಂಡತಿ, ಚಿಂಚೋಳಿಯ ಟೀಚರಮ್ಮ ಎಲ್ಲರೂ ಕೇಳುತ್ತಿದ್ದಾರೆ. ಇಂಟರ್‌ನೆಟ್ಟಿನ ಪುಕ್ಕಟೆ ಜಾಗದಲ್ಲಿ ಇಷ್ಟೊಂದು ವಿಡಿಯೋ ಹಿಡಿಯುವುದಿಲ್ಲ. ಟೊರೆಂಟ್ ಹಚ್ಚೋಣ ಎಂದಳು.

"ಯಾರ ಕಿಸೆನೂ ಬ್ಯಾಡ ಅತ್ಯಾ. ಅವರ ಮನಿಯಿಂದ ಸೀದಾ ನಮ್ಮ ಮನಿಗೆ ಬರ್ತದ."

ಮಗ ಧೀರೇಂದ್ರ ಸಿಮೆಂಟ್ ಕಾರ್ಖಾನೆಯ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಲೆಕ್ಕ ನೋಡುವವನು. ಅವನ ಹಳೆಯ ಲ್ಯಾಪ್‌ಟಾಪ್ ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತಿತು. ಶಾಕವ್ರತದ ತಿಂಗಳು, ಕಾಯಿಪಲ್ಯ ಹೆಚ್ಚುವ ಕೆಲಸವಿಲ್ಲ. ಹೆಸರುಬೇಳೆ ಬೇಯಲು ಇಟ್ಟು ಭಾಮಾಬಾಯಿ ಕಲಿಯಲು ಕುಳಿತಳು. ಮೌಸ್ ಹಿಡಿಯಲು ಎರಡು ದಿನ, ಬಾಣದ ಗುರುತು ಕಣ್ಣಿಗೆ ಸಿಗಲು ಇನ್ನೆರಡು ದಿನ. ಸಾಫ್ಟ್‌ವೇರ್ ಇಳಿಸಿ ಆದ ಮೇಲೆ ಪರದೆಯ ಮೇಲೆ ಒಂದು ಚೌಕ ಬಂದು ನಿಂತಿತು. ಏನಿದು ಎಂದಳು. ಹೊರಗಿನವರ ಜೊತೆ ಮಾತಾಡಲು ಕಂಪ್ಯೂಟರ್ ಅಪ್ಪಣೆ ಕೇಳುತ್ತಿದೆ ಎಂದಳು ಶುಭಾ.

"ಯಾರ ಅಪ್ಪಣಿ? ಇವರದ?"

"ನಿಮ್ಮದು, ಅತ್ಯಾ. ಹ್ಞೂಂ ಅನ್ನೋದರ ಮ್ಯಾಲ ಒತ್ರಿ."

ಭಾಮಾಬಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಆ ಮನೆಯಲ್ಲಿ ಅವಳ ಅಪ್ಪಣೆ ಕೇಳಿದ ಮೊದಲನೆಯದು ಅದೇ ಇರಬೇಕು.

ಶುಭಾ ಬಿಡಿಸಿ ಹೇಳಿದಳು. ಪ್ರಮಿತಾ ಹಾಡುಗಳನ್ನೆಲ್ಲ ಸಾವಿರಾರು ಸಣ್ಣ ತುಂಡು ಮಾಡಿ ಇಟ್ಟಿದ್ದಾಳೆ. ಅವಳು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಚಿಕ್ಕ ಫೈಲು ಅಡ್ರೆಸ್ ಚೀಟಿ ಇದ್ದಂತೆ. ಅದನ್ನು ತೆರೆದವರ ಯಂತ್ರಗಳೆಲ್ಲ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ತುಂಡುಗಳು ಸಾಲಾಗಿ ಬರುವುದಿಲ್ಲ, ಮೊದಲಿನದು ಕೊನೆಗೆ, ಕೊನೆಯದು ನಡುವೆ ಬರಬಹುದು. ಯಾರ ಹತ್ತಿರ ಯಾವ ತುಂಡು ಇದೆಯೋ ಅವರು ಇಲ್ಲದವರಿಗೆ ಕೊಡುತ್ತಾರೆ. ನಡುವೆ ಅಂಗಡಿಯಿಲ್ಲ, ಯಜಮಾನನಿಲ್ಲ. ಯಂತ್ರ ಚಾಲೂ ಇರಬೇಕು, ಅಷ್ಟೇ. ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಶುಭಾ ಮೊದಲು ತನ್ನ ಗೆಳತಿ ನಾಹಿದಳಿಗೆ ಆ ಫೈಲು ಕಳಿಸಿದ್ದಳು. ಶಹಾಬಾದಿನಲ್ಲಿ ನಾಹಿದಳ ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ನಡೆಯಿತು, ಇಲ್ಲಿಯೂ ನಡೆಯಿತು. ಹಸಿರು ಗೆರೆ ಬೆಳೆಯತೊಡಗಿತು.

ಸುಲೇಪೇಟದಲ್ಲಿ ಕರೆಂಟು ಹೋದರೆ ಗೆರೆ ನಿಲ್ಲುತ್ತಿತ್ತು. ಇಲ್ಲಿ ಆಚಾರ್ಯರು ಸಂಧ್ಯಾವಂದನೆಗೆ ಕುಳಿತಾಗ, ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಬರುತ್ತದೆ ಎಂದು ಅವರೇ ಎದ್ದುಬಂದು ಯಂತ್ರ ಬಂದ್ ಮಾಡುತ್ತಿದ್ದರು. ಧೀರೇಂದ್ರ ತನ್ನ ಆಫೀಸಿನ ಮೀಟಿಂಗಿಗೆ ನೆಟ್ ಸಾಲುತ್ತಿಲ್ಲ ಎಂದು ಗೊಣಗಿದ. ಅದಕ್ಕೆ ಶುಭಾ, ಮೀಟಿಂಗ್ ಇರುವಾಗ ಇಲ್ಲಿಂದ ತುಂಡುಗಳು ಹೊರಗೆ ಹೋಗುವ ವೇಗವನ್ನು ಕಡಿಮೆ ಮಾಡುವ ಜಾಗವನ್ನು ಅತ್ತೆಗೆ ತೋರಿಸಿಕೊಟ್ಟಳು. ಅಲ್ಲಿಯವರೆಗೆ ಭಾಮಾಬಾಯಿ ಒಳಗೆ ಬರುವುದನ್ನಷ್ಟೇ ನೋಡುತ್ತಿದ್ದಳು. ಆ ದಿನ ಅವಳ ಕಣ್ಣು ಪಕ್ಕದ ಅಂಕಿಗೆ ಬಿತ್ತು. ತನಗೆ ಇನ್ನೂ ಅರ್ಧ ಬಂದಿಲ್ಲ, ಆಗಲೇ ತನ್ನ ಮನೆಯಿಂದ ಚಿತ್ತಾಪುರಕ್ಕೆ, ವಾಡಿಗೆ ತುಂಡುಗಳು ಹೊರಟಿದ್ದವು.

ಅವಳಿಗೆ ಇದು ಸರಿಬರಲಿಲ್ಲ. ಉಣ್ಣುತ್ತ ಕುಳಿತವರು ಇನ್ನೊಬ್ಬರಿಗೆ ಬಡಿಸಬಾರದು, ಎಂಜಲ ಕೈ. ಬಡಿಸುವವರು ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣಬೇಕು, ಇಲ್ಲವೇ ಉಂಡು ಎದ್ದು ಕೈತೊಳೆದು ಬಡಿಸಬೇಕು. ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದದ್ದು. ಅದರಲ್ಲೂ ದೇವರ ಹಾಡು. ತನಗೆ ಪೂರ್ತಿ ಬಂದ ಮೇಲೆ ಚೊಕ್ಕಟಾಗಿ ಎಲ್ಲರಿಗೂ ಕೊಟ್ಟರಾಯಿತು ಎಂದುಕೊಂಡು, ಸೊಸೆ ತೋರಿಸಿಕೊಟ್ಟ ಜಾಗದಲ್ಲಿ ಹೊರಗೆ ಹೋಗುವ ಅಂಕಿಯನ್ನು ಒಂದಕ್ಕೆ ಇಳಿಸಿ ಹಾಗೇ ಬಿಟ್ಟಳು. ಶುಭಾಗೆ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವಳಿಗೆ ಅನಿಸಿರಲೇ ಇಲ್ಲ.

ಶಾಕವ್ರತ ಮುಗಿದು ದಧಿವ್ರತ ಬಂತು. ಮೊಸರಿಲ್ಲದ ಊಟಕ್ಕೆ ಆಚಾರ್ಯರು ಮೊದಲೇ ಕಿರಿಕಿರಿಯಲ್ಲಿರುತ್ತಾರೆ. ಒಂದು ಮಧ್ಯಾಹ್ನ ಪೂರ್ತಿ ಬಂದಿದ್ದ ಹಾಡೊಂದನ್ನು ಶುಭಾ ಹಚ್ಚಿದಳು. ಪರದೆಯ ಮೇಲೆ ಅಂಬುಜಕ್ಕ, ಕುಂಕುಮವಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಭಾಮಾಬಾಯಿಯ ಮದುವೆಯಲ್ಲಿ ಬೀಗರೂಟದ ಹೊತ್ತಿಗೆ ತಾನೇ ಕಟ್ಟಿ ಹಾಡಿದ್ದು.

"ನಮ್ಮ ಅಳಿಯ ಪ್ರಹ್ಲಾದ ಭಾಳ ಶ್ಯಾಣ್ಯಾನಂತ, ಎಲಿಯಾಗಿನ ಚಿರೋಟಿ ಎಣಿಸ್ಯಾನಂತ, ಒಂದು ಕಮ್ಮಿ ಬಿತ್ತಂತ ಮುನಿಸ್ಯಾನಂತ."

ಶುಭಾ ನಕ್ಕಳು. ಭಾಮಾಬಾಯಿಯೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ಆಚಾರ್ಯರು ಊಟದ ನಡುವೆ ತಲೆಯೆತ್ತಿದರು. ಈ ಹಾಡು ಈಗ ಯಾರ ಯಾರ ಮನೆಯಲ್ಲಿದೆ ಎಂದು ಕೇಳಿದರು. ಶುಭಾ ಊರುಗಳ ಹೆಸರು ಹೇಳಿದಳು. ಅವರು ಪ್ರವಚನಕ್ಕೆ ಹೋಗುವ ಊರುಗಳೇ ಎಲ್ಲವೂ. ಅದನ್ನೊಂದು ತೆಗೆದುಬಿಡು ಎಂದರು. ಹಾಗೆ ಒಂದನ್ನು ತೆಗೆಯಲು ಬರುವುದಿಲ್ಲ, ಹೋದದ್ದು ಹೋಯಿತು, ಅದು ಈಗ ಅವರವರ ಮನೆಯದು ಎಂದು ಶುಭಾ ಹೇಳಿದಳು.

"ಮನಿ ಮಾನ ಬೀದಿಗೆ ಹಾಕ್ಲಿಕತ್ತೀರಿ ಇಬ್ಬರೂ ಕೂಡಿ. ನನ್ನ ಕೇಳಿ ಹಚ್ಚೀರೇನು ಇದನ್ನ?"

"ಚಿರೋಟಿ ಹಾಡಿಗೆ ಮಾನ ಹೋಗ್ತದೇನ್ರಿ ಮಾವ?"

ಧೀರೇಂದ್ರ ನಡುವೆ ಬಾಯಿ ಹಾಕಿ ಹೆಂಡತಿಗೆ ಸುಮ್ಮನಿರು ಎಂದ. ಅಪ್ಪನಿಗೆ ಏನೂ ಅನ್ನಲಿಲ್ಲ. ಅವನು ಯಾವಾಗಲೂ ಹಾಗೇ, ಸುಮ್ಮನಿರು ಎಂದು ಹೇಳಬೇಕಾದವರನ್ನು ಬಿಟ್ಟು ಉಳಿದವರಿಗೆ ಹೇಳುತ್ತಾನೆ. ಶುಭಾ ತಟ್ಟೆ ಸರಿಸಿ ಎದ್ದುಹೋದಳು.

ಮಾರನೆಯ ದಿನ ಆಚಾರ್ಯರು ಸಪ್ತಾಹಕ್ಕೆಂದು ಚಿಂಚೋಳಿಗೆ ಹೊರಟರು. ಹೊರಡುವ ಮೊದಲು ಲ್ಯಾಪ್‌ಟಾಪನ್ನು ವೈರ್ ಸಮೇತ ಎತ್ತಿ ತಮ್ಮ ಮಡಿ ಪಂಚೆಗಳಿದ್ದ ಕಬ್ಬಿಣದ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಹೋದರು. ಭಾಮಾಬಾಯಿ ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ ಕಟ್ಟೆ ಬರಿದಾಗಿತ್ತು.

ಕಪಾಟು ಒಡೆಯೋಣ ಎಂದಳು ಶುಭಾ. ಅಪ್ಪ ಬರಲಿ ಎಂದ ಧೀರೇಂದ್ರ. ಗಂಡ ಹೆಂಡಿರಿಗೆ ಮಾತು ಬೆಳೆದು, ಅವನು ಆಫೀಸಿಗೆ ಡಬ್ಬಿ ಬಿಟ್ಟು ಹೋದ. ಶುಭಾ ತನ್ನ ಫೋನಿಗೇ ಇಳಿಸಲು ನೋಡಿದಳು, ಜಾಗ ಸಾಲಲಿಲ್ಲ. ಭಾಮಾಬಾಯಿ ಎರಡೂ ಹೊತ್ತು ಅಡುಗೆ ಮಾಡಿದಳು, ಬಡಿಸಿದಳು, ಕಪಾಟಿನ ಮುಂದೆ ಹಾದುಹೋಗುವಾಗ ಅದರ ಕಡೆ ನೋಡಲಿಲ್ಲ. ಆ ವಾರದಲ್ಲಿ ಒಂದು ಸಂಜೆ ಸುಲೇಪೇಟದಲ್ಲಿ ಗುಡುಗಿ ಮಳೆಯಾಯಿತು. ಓಣಿಯ ಕಂಬಕ್ಕೆ ಸಿಡಿಲು ಬಡಿದು ಅಂಬುಜಕ್ಕನ ಮನೆಯ ಟಿವಿ ಸುಟ್ಟಿತು, ಮಿಕ್ಸರ್ ಸುಟ್ಟಿತು, ಕಂಪ್ಯೂಟರೂ ಸುಟ್ಟಿತು. ಪ್ರಮಿತಾ ಅದನ್ನು ಕಲಬುರಗಿಗೆ ಹೊತ್ತುಕೊಂಡು ಹೋದಳು. ಒಳಗಿದ್ದದ್ದೇನೂ ಇನ್ನು ಸಿಗುವುದಿಲ್ಲ ಎಂದು ರಿಪೇರಿಯವರು ಹೇಳಿದರು.

ಆಚಾರ್ಯರು ಚಿಂಚೋಳಿಯಿಂದ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟಾಗ ಭಾಮಾಬಾಯಿ ನೀರು ಕೊಡಲಿಲ್ಲ. ಕೈಚಾಚಿದಳು.

"ಕೀಲಿ ಕೊಡ್ರಿ."

ಏನಾಯಿತು ಈಗ ಎಂದರು. ಅವಳು ಆದದ್ದನ್ನು ಹೇಳಿದಳು. ಅವರ ಮುಖ ಸ್ವಲ್ಪ ಇಳಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತಪ್ಪು ಮಾಡಿ ಸುಮ್ಮನಿರುವುದು ಅವರ ಜಾಯಮಾನದಲ್ಲಿಲ್ಲ. ಸಿಡಿಲು ತಾವು ಬೀಳಿಸಿದ್ದಲ್ಲ ಎಂದರು. ಪೆನ್‌ಡ್ರೈವಾದರೂ ಇದ್ದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಶುಭಾ ಅಂದಳು. ಆಗ ಅವರ ಬಾಯಿಂದ ಅದು ಹೊರಬಿತ್ತು.

"ಅದು ಬಿದ್ದಿಲ್ಲ. ನಾನ ಕಾಗಿಣಾ ಹೊಳಿಗೆ ಒಗದೀನಿ. ಸುಲೇಪೇಟದಾಗ ಮಂದಿ ಮುಂದ ನಿಮ್ಮಕ್ಕ ಆ ಹಾಡು ಹಚ್ಚಿಸಿ ನಗಾಡ್ಯಾಳ. ನಾ ಏನು ಹಣೀಗೆ ಹಚ್ಗೊಂಡು ತಿರಗಬೇಕಿತ್ತೇನು ಅದನ್ನ?"

ಧೀರೇಂದ್ರ ಈ ಸಲ ಯಾರಿಗೂ ಸುಮ್ಮನಿರು ಎನ್ನಲಿಲ್ಲ. ಭಾಮಾಬಾಯಿಗೆ ಸಿಟ್ಟು ಬಂತು. ಬೆಂದ ಸಾರು ಉಕ್ಕುವ ಹಾಗೆ ಬಂದು ಇಳಿಯುವ ಸಿಟ್ಟಲ್ಲ. ಇಷ್ಟು ವರ್ಷ ಎಲ್ಲಿತ್ತೋ, ಬಂದು ಕುಳಿತೇಬಿಟ್ಟಿತು. ದಂಡೆಯ ಮೇಲೆ ನಿಂತು ಅಕ್ಕನ ದನಿಯನ್ನು ನೀರಿಗೆಸೆದು, ಮನೆಗೆ ಬಂದು ಅವಳ ಕೈಯಿಂದಲೇ ತೊವ್ವೆ ಅನ್ನ ಬಡಿಸಿಕೊಂಡು ಉಂಡಿದ್ದರು. ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದ್ದರು. ಅವಳು ಮುಂದೆ ಹೋಗಿ ಜನಿವಾರದ ಗಂಟು ಬಿಚ್ಚಿ ಕೀಲಿ ತೆಗೆದುಕೊಂಡಳು. ಅವರು ತಡೆಯಲಿಲ್ಲ.

ಯಂತ್ರ ಹಚ್ಚಿದಾಗ ಗೆರೆ ಮುಕ್ಕಾಲಿಗೂ ಸ್ವಲ್ಪ ಮೇಲೆ ಬಂದು ನಿಂತಿತ್ತು. ಕೊನೆಯ ಹಾಡು ಬಂದಿರಲಿಲ್ಲ. ಶುಭಾ ಉಳಿದ ಊರುಗಳಿಗೆ ಫೋನ್ ಮಾಡಿದಳು. ಎಲ್ಲರದೂ ಅಲ್ಲಲ್ಲೇ ನಿಂತಿತ್ತು. ಯಾಕೆ ಹೀಗೆ, ಇಷ್ಟು ದಿನದಲ್ಲಿ ಒಬ್ಬರಿಂದೊಬ್ಬರಿಗೆ ಹೋಗಿ ಎಲ್ಲರಿಗೂ ಪೂರ್ತಿಯಾಗಬೇಕಿತ್ತು ಎಂದು ತಡಕಾಡುವಾಗ ಹೊರಗೆ ಹೋಗುವ ಅಂಕಿ ಕಂಡಿತು. ಒಂದು.

"ಇದನ್ನ ಯಾರು ಇಳಿಸ್ಯಾರ?"

ನಾನೇ ಎಂದಳು ಭಾಮಾಬಾಯಿ. ಎಂಜಲಿನ ವಿಚಾರ ಹೇಳಿದಳು. ಶುಭಾ ಹಣೆ ಹಿಡಿದುಕೊಂಡಳು. ಮಾವನ ಮೇಲಿದ್ದ ಸಿಟ್ಟು ಅತ್ತೆಯ ಮೇಲೂ ಹರಿಯಿತು. ಎಲ್ಲರಿಗಿಂತ ಜಾಸ್ತಿ ತುಂಡು ಈ ಮನೆಗೆ ಬಂದಿತ್ತು, ಇಲ್ಲಿಂದ ಯಾರಿಗೂ ಹೋಗಲಿಲ್ಲ. ಸುಲೇಪೇಟದ ಹಳೆಯ ಯಂತ್ರವೊಂದೇ ಎಲ್ಲ ಊರಿಗೂ ಬೇರೆ ಬೇರೆ ಬಡಿಸಿ ಬಡಿಸಿ ಸುಸ್ತಾಯಿತು, ಅಷ್ಟರಲ್ಲಿ ಸುಟ್ಟೂಹೋಯಿತು ಎಂದಳು.

"ಇಲ್ಲೆ ಉಣ್ಣಕೋತನ ಬಡಸಬೇಕು ಅತ್ಯಾ. ನಂದು ಪೂರಾ ಆಗಲಿ, ಆಮ್ಯಾಲ ಕೊಡ್ತೀನಿ ಅಂದ್ರ ಯಾರಿಗೂ ಊಟಿಲ್ಲ."

ಗಂಡನ ಸಿಟ್ಟಿಗೆ ಹೆದರಿ ಕಳೆದುಕೊಂಡದ್ದು ಒಂದಾದರೆ, ಗಂಡನ ಮನೆಯ ಕಟ್ಟಳೆಯನ್ನು ತಾನೇ ತಲೆಯಲ್ಲಿ ಹೊತ್ತು ಕಳೆದದ್ದು ಇನ್ನೊಂದು. ಅದು ಭಾಮಾಬಾಯಿಗೆ ಹೆಚ್ಚು ನಾಟಿತು. ಮೌಸ್ ಹಿಡಿದು ಅಂಕಿಯನ್ನು ತಾನೇ ತೆಗೆದುಹಾಕಿದಳು.

ಎರಡು ದಿನದಲ್ಲಿ ಗೆರೆಗಳು ಏಳತೊಡಗಿದವು. ತನ್ನಲ್ಲಿಲ್ಲದ ತುಂಡು ವಾಡಿಯಲ್ಲಿತ್ತು, ವಾಡಿಯಲ್ಲಿಲ್ಲದ್ದು ಚಿತ್ತಾಪುರದಲ್ಲಿ. ಇವರ ಹರಕು ಅವರಿಗೆ, ಅವರ ಹರಕು ಇವರಿಗೆ ಹೋಗಿ ಎಲ್ಲರದೂ ಒಂದೇ ಮಟ್ಟಕ್ಕೆ ಬಂದು, ಕೊನೆಗೆ ಎಲ್ಲರದೂ ಒಂದೇ ಕಡೆ ನಿಂತಿತು. ಕೊನೆಯ ಹಾಡಿನ ತುಂಡುಗಳು ಯಾರ ಹತ್ತಿರವೂ ಇರಲಿಲ್ಲ. ಉಳಿದದ್ದು ನಾಹಿದಳ ಯಂತ್ರ ಒಂದೇ. ಅವಳ ತಾಯಿ ಜಾನಬಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹೈದರಾಬಾದಿನ ಆಸ್ಪತ್ರೆಯಲ್ಲಿದ್ದರು, ನಾಹಿದಳೂ ಅಲ್ಲೇ ಇದ್ದಳು. ಅಂಗಡಿಗೆ ಬೀಗ. ತನ್ನ ಯಂತ್ರಕ್ಕೆ ಎಷ್ಟು ಬಂದಿದೆಯೋ ತಾನು ನೋಡಿಲ್ಲ, ಈಗ ಹಾಡಿನ ಮಾತು ಬೇಡ ಎಂದು ನಾಹಿದ ಫೋನಿನಲ್ಲಿ ಚುಟುಕಾಗಿ ಹೇಳಿ ಇಟ್ಟಳು. ಅವಳದ್ದೂ ತಪ್ಪಲ್ಲ.

ಆ ದಿನಗಳಲ್ಲಿ ಭಾಮಾಬಾಯಿ ಗಂಡನೊಂದಿಗೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಪಕ್ಕದಲ್ಲಿ ಪಾತ್ರೆಗಳನ್ನಿಟ್ಟು ಹೋಗುತ್ತಿದ್ದಳು. ಆಚಾರ್ಯರು ಅನ್ನ ಎಂದು ಕೂಗಿ, ಯಾರೂ ಬರದೆ, ಎಡಗೈಯಿಂದ ತಾವೇ ಹಾಕಿಕೊಳ್ಳುವುದನ್ನು ಕಲಿತರು. ಒಂದು ಹಾಡಿಗೆ ಇಷ್ಟೊಂದು ಸಿಟ್ಟೇ, ಅದು ನಿನಗೂ ಬರುತ್ತದಲ್ಲ, ನೀನೇ ಹಾಡು ಎಂದು ಒಂದು ದಿನ ಅಂದರು. ಇಷ್ಟು ವರ್ಷದ ಮೇಲೆ ಹಾಡು ಎಂದರು. ಶುಭಾ ಕೈಯಲ್ಲಿದ್ದ ಲಟ್ಟಣಿಗೆಯನ್ನು ಮಣೆಯ ಮೇಲೆ ಕುಕ್ಕಿದಳು.

ನಾಹಿದ ಅಂಗಡಿ ತೆರೆದಾಗ ಭಾದ್ರಪದ ಬಂದಿತ್ತು. ಯಂತ್ರ ಹಚ್ಚಿದವಳೇ ಶುಭಾಗೆ ಫೋನ್ ಮಾಡಿ ಬೈದಳು. ನಿನ್ನ ಅತ್ತೆಯ ಹಾಡುಗಳು ನನ್ನ ಡಿಸ್ಕ್ ತುಂಬಿವೆ, ಕಾಲೇಜು ಹುಡುಗರ ಪ್ರಾಜೆಕ್ಟ್ ಇಡಲು ಜಾಗವಿಲ್ಲ, ಇವತ್ತೇ ಅಳಿಸುತ್ತೇನೆ ಎಂದಳು. ಪೂರ್ತಿ ಬಂದಿದೆಯೇ ಎಂದು ಶುಭಾ ನಿಂತ ಕಾಲಿನಲ್ಲಿ ಕೇಳಿದಳು.

"ಪೂರಾ ಬಂದದ. ಯಾಕ, ನಿಮ್ಮಲ್ಲಿ ಬಂದಿಲ್ಲೇನು?"

ಸಂಜೆಯೊಳಗೆ ಸೇಡಂನ ಗೆರೆ ತುಂಬಿತು. ಭಾಮಾಬಾಯಿ ಇಯರ್‌ಫೋನ್ ಹಾಕಿಕೊಂಡು ಕೊನೆಯ ಹಾಡನ್ನೂ ಅದರ ಹಿಂದಿನ ಮಾತನ್ನೂ ಕೇಳಿದಳು. ಮತ್ತೊಮ್ಮೆ ಕೇಳಿದಳು. ಅತ್ತಳು. ಆಮೇಲೆ ಇಯರ್‌ಫೋನ್ ತೆಗೆದಿಟ್ಟು ಸೊಸೆಗೆ, ಯಂತ್ರ ಬಂದ್ ಮಾಡಬೇಡ, ಉಳಿದ ಊರಿಗೆಲ್ಲ ಹೋಗಲಿ ಎಂದಳು. ಮರುದಿನದಿಂದ ಅವಳಿಗೆ ಫೋನುಗಳು ಬರತೊಡಗಿದವು. ದಾನೇಶ್ವರಿ ಮಾತಾಡಲು ಹೋಗಿ ಬಿಕ್ಕಿದಳು. ವಾಡಿಯವಳು ತನ್ನ ಅತ್ತೆಯೂ ಕೇಳಿ, ಇನ್ನೊಮ್ಮೆ ಹಚ್ಚು ಅಂದರು ಎಂದಳು.

ವಾರದ ಮೇಲೆ ಆಚಾರ್ಯರು ಚಿತ್ತಾಪುರದ ಪ್ರವಚನದಿಂದ ಬಂದದ್ದು ಶಾಲು ಮುದುಡಿಕೊಂಡು. ಮಂಗಳಾರತಿ ಆದ ಮೇಲೆ ದಾನೇಶ್ವರಿ ಎಲ್ಲರ ಮುಂದೆ ನಿಂತು, ಅಂಬುಜಕ್ಕನ ಮಾತಿಗೆ ನಿಮ್ಮ ಉತ್ತರವೇನು ಎಂದು ಕೇಳಿದ್ದಳಂತೆ. ಯಾವ ಮಾತು ಎಂದರೆ ಹೆಂಗಸರೆಲ್ಲ ಅವರನ್ನೇ ನೋಡಿದರಂತೆ. ಧೀರೇಂದ್ರನನ್ನು ಕೇಳಿದರು, ಅವನು ಅಮ್ಮನನ್ನು ಕೇಳಿರಿ ಎಂದ. ಶುಭಾಳನ್ನು ಕೇಳಲು ಮುಖವಿರಲಿಲ್ಲ. ಕೊನೆಗೆ ಕಟ್ಟೆಯ ಹತ್ತಿರ ಬಂದು ನಿಂತರು. ಆ ಯಂತ್ರವನ್ನು ಬಂದ್ ಮಾಡಲು ಗೊತ್ತಿತ್ತು, ಹಚ್ಚಲು ಗೊತ್ತಿರಲಿಲ್ಲ.

"ಏನಂದಾಳ ನಿಮ್ಮಕ್ಕ? ಊರೆಲ್ಲ ಕೇಳ್ಯದಂತ, ನನಗೊಬ್ಬಗ ಗೊತ್ತಿಲ್ಲ."

ಭಾಮಾಬಾಯಿ ಇಯರ್‌ಫೋನಿನ ಪಿನ್ನು ಕಿತ್ತು ಹಾಡು ಹಚ್ಚಿದಳು. ಅಂಬುಜಕ್ಕ ಆರತಿಯ ಹಾಡು ಮುಗಿಸಿದಳು, ಮೊಮ್ಮಗಳನ್ನು ಹೊರಗೆ ಕಳಿಸಿದಳು, ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಕ್ಯಾಮೆರಾದ ಹತ್ತಿರ ಸರಿದು ಕುಳಿತಳು.

"ಭಾಮಿ, ನಾಳೆ ಡಾಕ್ಟರು ನನ್ನ ದನಿ ತೆಗೀತಾರ. ರೋಗ ಬಂದದ, ತೆಗೀಲಿ. ನಿನಗೇನೂ ರೋಗ ಇರಲಿಲ್ಲಲ್ಲ ತಂಗಿ. ನಿನ್ನ ದನಿ ಯಾರು ತೆಗದ್ರು?"

ವಿಡಿಯೋ ಅಲ್ಲಿಗೆ ನಿಂತಿತು. ಆಚಾರ್ಯರು ಪರದೆಯನ್ನೇ ನೋಡುತ್ತ, ಇದು ಎಲ್ಲರ ಮನೆಯಲ್ಲೂ ಇದೆಯೇ ಎಂದು ಕೇಳಿದರು.

"ಎಲ್ಲಾರ ಮನ್ಯಾಗೂ ಅದ. ಯಾರು ತೆಗದ್ರಂತ ಎಲ್ಲಾರೂ ನನಗ ಫೋನ್ ಮಾಡಿ ಕೇಳ್ಲಿಕತ್ತಾರ. ನಾ ಇನ್ನಾ ಯಾರಿಗೂ ಹೇಳಿಲ್ಲ. ನೀವ ಹೇಳ್ರಿ."

ಇಷ್ಟು ಹೇಳಿ ಭಾಮಾಬಾಯಿ ಕುರ್ಚಿ ಎಳೆದುಕೊಂಡು, ನಿಂತೇ ಇದ್ದ ಗಂಡನ ಎದುರಿಗೆ ಕುಳಿತಳು.